ತಲೆಯ ಕಡೆಯ ಹಗ್ಗ

ಪೋರ್ಟ್‌ಲೋಗಿ
೧೪ ನವೆಂಬರ್ ೨೦೨೨

ಪ್ರೀತಿಯ ಶೋನಾ,

ನಿನ್ನ ಆಗಸ್ಟ್ ತಿಂಗಳ ಪತ್ರ ಬಂದು ಗಡಿಯಾರದ ಹಿಂದೆ ಕೂತಿದೆ. ದಿನಾ ಬೆಳಿಗ್ಗೆ ಅದರ ಮುಖ ನೋಡಿ, ಇವತ್ತು ಬರೆದೇ ಬಿಡೋಣ ಅಂದುಕೊಳ್ಳುತ್ತೇನೆ. ಸಂಜೆ ಕೆಲಸ ಮುಗಿಸಿ ಬರುವಷ್ಟರಲ್ಲಿ ಮನಸ್ಸು ಹಿಂಜರಿಯುತ್ತದೆ. ಇಷ್ಟು ತಡಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಹ್ಯಾಲಿಫ್ಯಾಕ್ಸ್‌ನಲ್ಲಿ ಈಗಾಗಲೇ ಹಿಮ ಬಿದ್ದಿರಬೇಕು. ನಿನ್ನ ಮೊಣಕಾಲು ಹೇಗಿದೆ? ದಿನಾ ನಡೆಯಬೇಕು ಅಂತ ಡಾಕ್ಟರು ಹೇಳಿದ್ದನ್ನು ನೀನು ಒಂದು ವಾರವೂ ನಡೆಸಿರಲಿಕ್ಕಿಲ್ಲ. ನಾನು ಚೆನ್ನಾಗಿದ್ದೇನೆ. ಅಂದರೆ ಉಣ್ಣುತ್ತೇನೆ, ಮೀನಿಗೆ ಹೊಗೆ ಹಾಕುವ ಹೊಗೆಮನೆಗೆ ಹೋಗಿ ಅದನ್ನು ಮಾರುತ್ತೇನೆ, ಬಂದು ಮಲಗುತ್ತೇನೆ.

ಊರಿನ ಸುದ್ದಿ ಮೊದಲು. ಬೆಟ್ಟದ ಮೇಲಿನ ಚರ್ಚನ್ನು ಕೊನೆಗೂ ಮಾರಿದರು. ಎಡಿನ್‌ಬರೋದ ಯಾರೋ ಗಂಡ ಹೆಂಡತಿ ಕೊಂಡಿದ್ದಾರೆ, ಪಾದ್ರಿಗಳು ನಿಲ್ಲುತ್ತಿದ್ದ ಜಾಗದಲ್ಲಿ ಸ್ನಾನದ ತೊಟ್ಟಿ ಇಡುತ್ತಾರಂತೆ. ಹೊಸ ಅಂಚೆಯವನು ಬಂದಿದ್ದಾನೆ, ಪಾಪ, ಅರ್ಧ ಊರಿನ ಮನೆಹೆಸರು ಫ್ಲೆಟ್, ಇನ್ನರ್ಧದ್ದು ಸ್ಲೇಟರ್ ಅಂತ ಅವನಿಗೆ ಯಾರೂ ಹೇಳಿಲ್ಲ. ನಿನ್ನ ಪತ್ರವನ್ನು ಕೆಳಗಿನ ಬೀದಿಯಲ್ಲಿರುವ, ನನ್ನದೇ ಹೆಸರಿನ ಇನ್ನೊಬ್ಬ ಐನಾ ಫ್ಲೆಟ್‌ಗೆ ಕೊಟ್ಟುಬಂದಿದ್ದ. ಅವಳೇ ತಂದುಕೊಟ್ಟು, ನಾನು ಒಡೆದಿಲ್ಲ, ನಾನು ಒಡೆದೇ ಇಲ್ಲ ಅಂತ ಬಾಗಿಲಲ್ಲಿ ನಿಂತು ಅಷ್ಟು ಸಲ ಹೇಳಿದಳಲ್ಲ, ಅದಕ್ಕೇ ನನಗೆ ಅನುಮಾನ.

ಗ್ರೆಗರ್ ಹೆಸರಿನ ಕಟ್ಟಡದ ಸಮಾರಂಭ ಹೇಗಾಯಿತು, ಒಂದೂ ಬಿಡದೆ ಬರಿ ಅಂತ ನೀನು ಕೇಳಿದ್ದೆ. ಬರೆಯುತ್ತೇನೆ. ಒಂದೂ ಬಿಡದೆ ಬರೆಯಬೇಕೆಂದರೆ ಸ್ವಲ್ಪ ಹಿಂದಿನಿಂದ ಬರಬೇಕು. ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ, ಓದಿಕೊಂಡು ಹೋಗು.

ಅವನು ಸತ್ತ ಮೇಲೆ ನನ್ನ ತಮ್ಮ ನನ್ನ ತಮ್ಮನಾಗಿ ಉಳಿದಿಲ್ಲ ಕಣೆ. ಬೇಸಿಗೆ ಬಂತೆಂದರೆ ಗ್ಲಾಸ್ಗೋದಿಂದ, ಜರ್ಮನಿಯಿಂದ, ಎಲ್ಲೆಲ್ಲಿಂದಲೋ ಹುಡುಗರು ಬರುತ್ತಾರೆ. ಬಂದರುಕಟ್ಟೆಯ ಮೇಲೆ ಕೂತು ಗಿಟಾರು ಬಾರಿಸುತ್ತಾರೆ, ಅವನು ಹುಟ್ಟಿದ ಮನೆಯ ಬಾಗಿಲ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಒಳಗೆ ಪರದೆ ಎಳೆದುಕೊಂಡು ಆಲೂಗೆಡ್ಡೆ ಸುಲಿಯುತ್ತಿರುತ್ತೇನೆ. ಕಳೆದ ಜೂನ್‌ನಲ್ಲಿ ಒಬ್ಬಳು ಹುಡುಗಿ ಅಂಗಡಿಗೆ ಬಂದು ಹೊಗೆ ಹಾಕಿದ ಹ್ಯಾಡಕ್ ಮೀನು ಕೇಳಿದಳು. ಹಣ ಕೊಡಲು ಕೈ ಚಾಚಿದಾಗ ನೋಡಿದರೆ ಮುಂಗೈಯುದ್ದಕ್ಕೂ ಹಚ್ಚೆ: ವೈಕಿಂಗ್, ಫಾರ್ಟೀಸ್, ಕ್ರೋಮಾರ್ಟಿ, ಫೋರ್ತ್. ನಾನು ಅವನ ಅಕ್ಕ ಅಂತ ಯಾರೋ ಹೇಳಿದ್ದರಂತೆ. ನಿಮ್ಮ ತಮ್ಮನ ಆ ಹಾಡು ಇಲ್ಲದಿದ್ದರೆ ನಾನು ಇವತ್ತು ಬದುಕಿರುತ್ತಿರಲಿಲ್ಲ ಅಂತ ಅತ್ತಳು. ನಾನು ಮೀನು ಕಟ್ಟಿಕೊಟ್ಟೆ. ಅವಳಿಗೆ ಏನು ಹೇಳಲಿ? ಆ ಮಾತು ಗ್ರೆಗರ್‌ದಲ್ಲ, ನನ್ನದು ಅಂತ ಹೇಳಲೇ?

ಅಬರ್ಡೀನ್‌ನ ಆ ಹೆರಿಗೆ ವಾರ್ಡಿನಲ್ಲಿದ್ದಾಗ ನನಗೆ ಹದಿನೇಳು ವರ್ಷ. ಊರಿಗೆಲ್ಲ ನಾನು ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದ್ದೇನೆ ಅಂತ ಅಮ್ಮ ಹೇಳಿದ್ದಳು. ಒಂಬತ್ತು ವರ್ಷದ ಗ್ರೆಗರ್, ಅಕ್ಕ ಬರುವಾಗ ಹೋಟೆಲಿನ ಸಕ್ಕರೆ ಪೊಟ್ಟಣ ತರಬೇಕು ಅಂತ ಹೇಳಿ ಕಳಿಸಿದ್ದ. ಅಮ್ಮ ಬಸ್ ನಿಲ್ದಾಣದ ಚಹಾದಂಗಡಿಯಿಂದ ನಾಲ್ಕಾರು ಪೊಟ್ಟಣ ಎತ್ತಿ ನನ್ನ ಕೋಟಿನ ಜೇಬಿಗೆ ತುರುಕಿದ್ದಳು. ಮಗುವನ್ನು ನನ್ನ ಹತ್ತಿರ ಬಿಟ್ಟಿದ್ದ ಆ ಕೆಲವು ದಿನ ಅದು ಅಳುತ್ತಿತ್ತು, ನನಗೆ ಒಂದು ಜೋಗುಳವೂ ಬಾರದು. ನಮ್ಮ ಮನೆಯಲ್ಲಿ ಹಾಡು ಎಲ್ಲಿತ್ತು? ಅಪ್ಪನ ರೇಡಿಯೋದಲ್ಲಿ ಕಡಲಿನ ಒಂದೊಂದು ಭಾಗದ ಹೆಸರು ಹಿಡಿದು ಓದುತ್ತಿದ್ದ ಹವಾಮಾನವೊಂದೇ ನನಗೆ ಬಾಯಿಪಾಠ. ಅದನ್ನೇ ಅದರ ಕಿವಿಯಲ್ಲಿ ಹೇಳಿದೆ. ವೈಕಿಂಗ್, ಫಾರ್ಟೀಸ್, ಕ್ರೋಮಾರ್ಟಿ, ಫೋರ್ತ್, ಟೈನ್, ಡಾಗರ್. ಗಾಳಿ ನಿಧಾನ, ನೋಟ ನಿಚ್ಚಳ. ಅವಳು ನಿದ್ದೆಹೋದಳು. ಆಮೇಲೆ ಕಂದು ಕೋಟಿನ ಹೆಂಗಸೊಬ್ಬಳು ಬಂದು ದತ್ತು ಕೊಡಲು ಎತ್ತಿಕೊಂಡು ಹೋದಳು.

ಹೆತ್ತದ್ದು ಅಮ್ಮನಿಗೆ ಗೊತ್ತಿತ್ತು, ಅವಳೇ ಕರೆದುಕೊಂಡು ಹೋದವಳು, ಎಲ್ಲ ಕಂಡವಳು. ಬಾಯಿಬಿಟ್ಟು ನಾನು ಹೇಳಿಕೊಂಡದ್ದು ಲೋಕದಲ್ಲಿ ನಿನ್ನೊಬ್ಬಳ ಹತ್ತಿರ. ಹೊಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೆವು, ನೀನು ನಿನ್ನ ಏಪ್ರನ್ನಿನಿಂದ ನನ್ನ ಮೂಗು ಒರೆಸಿದ್ದೆ. ಆ ದಿನ ನನಗೆ ಎಷ್ಟು ಹಗುರವಾಯಿತೆಂದರೆ, ಮನೆಗೆ ಹೋಗಿ ಎರಡು ತಟ್ಟೆ ಊಟ ಮಾಡಿದೆ.

ಆ ಹಾಡನ್ನು ನಾನು ಮೊದಲು ಕೇಳಿದ್ದು ಅದೇ ಹೊಗೆಮನೆಯಲ್ಲಿ. ಆಗ ನೀನೂ ಗ್ರೆಗರೂ ಗ್ಲಾಸ್ಗೋದಲ್ಲಿ ಒಟ್ಟಿಗೆ ಇದ್ದಿರಿ, ಅವನ ಎರಡನೆಯ ಆಲ್ಬಂ ಬಂದಿತ್ತು. ನಾವು ಮೀನು ಸೀಳುತ್ತಿದ್ದೆವು. ರೇಡಿಯೋದಲ್ಲಿ ಅವನ ದನಿ ಬಂದಾಗ ಹೆಂಗಸರೆಲ್ಲ ಚಾಕು ಕೆಳಗಿಟ್ಟು, ಏ ನಿಮ್ಮ ಗ್ರೆಗರ್ ಕಣೆ, ಸದ್ದು ಜಾಸ್ತಿ ಮಾಡು ಅಂದರು. ಹಾಡಿನಲ್ಲಿ ಹದಿನೇಳರ ಹುಡುಗಿ, ವಾರ್ಡಿನ ಕಿಟಕಿ, ಜೇಬಿನಲ್ಲಿ ಸಕ್ಕರೆ, ಜೋಗುಳ ಬಾರದ ತಾಯಿ. ಪಲ್ಲವಿಗೆ ಬರುವಷ್ಟರಲ್ಲಿ ನಾನು ಬೆರಳು ಕೊಯ್ದುಕೊಂಡಿದ್ದೆ. ರಕ್ತದ ನೆಪ ಹೇಳಿ ಹೊರಗೆ ಓಡಿದೆ.

ಪತ್ರಿಕೆಗಳವರು ಬರೆದದ್ದೇ ಬರೆದದ್ದು, ಸ್ಕಾಟ್ಲೆಂಡಿನಲ್ಲಿ ಇಷ್ಟು ಪ್ರಾಮಾಣಿಕವಾಗಿ ಹಾಡುವವನು ಇನ್ನೊಬ್ಬನಿಲ್ಲ, ತನ್ನ ಎದೆಯನ್ನೇ ಸೀಳಿ ತೋರಿಸುತ್ತಾನೆ ಅಂತ. ಸೀಳಿದ್ದು ಯಾರ ಎದೆ ಅಂತ ಒಬ್ಬನಾದರೂ ಕೇಳಲಿಲ್ಲ. ಊರಿನಲ್ಲಿ ಮಾತ್ರ ಕೆಲವರು ಕೇಳಿದರು, ಅವರದೇ ರೀತಿಯಲ್ಲಿ. ಬೇಕರಿಯ ಮಿಸೆಸ್ ಸ್ಲೇಟರ್ ಬ್ರೆಡ್ಡು ಕಟ್ಟಿಕೊಡುತ್ತಾ ಎಷ್ಟು ಮುದ್ದಾಗಿ ಕೇಳಿದಳು ಗೊತ್ತಾ? "ಐನಾ, ಆವಾಗ ನೀನು ಅಬರ್ಡೀನಲ್ಲಿ ಕೆಲ್ಸ ಮಾಡ್ತಿದ್ದೆಯಲ್ಲ, ಯಾವ ಹೋಟ್ಲು ಅದು? ಮರ್ತೇ ಹೋಯ್ತು ನೋಡು." ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಚಾವಣಿ ನೋಡುತ್ತಿದ್ದರು.

ಅಮ್ಮನೇ ಅವನಿಗೆ ಹೇಳಿದ್ದಾಳೆ ಅಂತ ನಾನು ತೀರ್ಮಾನ ಮಾಡಿಕೊಂಡೆ. ಅವನೆಂದರೆ ಅವಳಿಗೆ ಪ್ರಾಣ, ಕರಗಿ ಹೇಳಿರುತ್ತಾಳೆ. ಕೇಳಿದರೆ ಬೈಬಲ್ ಮೇಲೆ ಕೈಯಿಟ್ಟು ಇಲ್ಲ ಅಂದಳು. ನಂಬಲಿಲ್ಲ. ಅವಳು ಸಾಯುವ ದಿನವೂ ಇಲ್ಲ ಅಂದಳು, ಆಗಲೂ ನಂಬಲಿಲ್ಲ. ನಿನ್ನ ಹೆಸರು ನನ್ನ ತಲೆಯ ಹತ್ತಿರವೂ ಸುಳಿಯಲಿಲ್ಲ ಶೋನಾ. ಇದನ್ನು ಬರೆಯುವಾಗಲೂ ನನಗೆ ಅದೇ ಆಶ್ಚರ್ಯ.

ಆ ವರ್ಷ ಗ್ರೆಗರ್ ಊರಿಗೆ ಬಂದ. ಬಂದರುಕಟ್ಟೆಯ ಮೇಲೆ ಎದುರಾದ, ಹಲ್ಲು ಕಿರಿಯುತ್ತಾ. ಹಾಡು ಕೇಳಿದೆಯಾ, ಹೇಗಿತ್ತು ಅಂತ ಕೇಳಿದ. ಅಷ್ಟು ಜನ ಬಲೆ ರಿಪೇರಿ ಮಾಡುತ್ತಾ ಕೂತಿದ್ದರು, ಅವರ ಮುಂದೆ ನಾನು ಏನಂತ ಬಾಯಿಬಿಡಲಿ? ಬಿಟ್ಟರೆ ಮಿಸೆಸ್ ಸ್ಲೇಟರ್‌ಗೆ ಉತ್ತರ ಸಿಕ್ಕಹಾಗೆ. "ನಿನಗೆ ನಾಚ್ಕೆ ಅನ್ನೋದೇ ಇಲ್ವಲ್ಲೋ" ಅಂದು ಕೆನ್ನೆಗೆ ಬಾರಿಸಿದೆ. ಅವನು ಕೆನ್ನೆ ಹಿಡಿದುಕೊಂಡು, "ಯಾಕಕ್ಕಾ, ಚೆನ್ನಾಗಿ ಬಂದಿಲ್ವಾ?" ಅಂದ. ಇಂಥ ಲಜ್ಜೆಗೇಡಿ ನನ್ನ ಬೆನ್ನಿಗೆ ಹುಟ್ಟಿದನಲ್ಲ ಅಂತ ಮನೆಗೆ ಬಂದು ಚಿಲಕ ಹಾಕಿಕೊಂಡೆ. ಅಲ್ಲಿಂದ ಮುಂದೆ ನಾನು ಅವನ ಜೊತೆ ಮಾತಾಡಲಿಲ್ಲ.

ಆದರೂ ಪ್ರತಿ ಹೊಸವರ್ಷಕ್ಕೆ ಬರುತ್ತಿದ್ದ. ಹೊಸವರ್ಷದಲ್ಲಿ ಮೊದಲು ಹೊಸ್ತಿಲು ದಾಟುವ ಕಾಲು, ಮನೆಗೆ ಶುಭವಾಗಲಿ ಅಂತ, ಕಪ್ಪುಕೂದಲಿನ ಗಂಡಸಿನದಾಗಬೇಕಲ್ಲ, ನಮ್ಮ ಬೀದಿಯಲ್ಲಿ ಅವನದೇ ಕಪ್ಪು ತಲೆ. ಕೈಯಲ್ಲಿ ಶುಭಶಕುನದ ಕಲ್ಲಿದ್ದಲ ತುಂಡು ಹಿಡಿದು ಹೊಸ್ತಿಲಾಚೆ ನಿಂತಿರುತ್ತಿದ್ದ. ನಾನು ಪಕ್ಕದ ಮನೆಯ ಕೆಂಚುಕೂದಲಿನ ಮುದುಕನನ್ನು ಮೊದಲೇ ಕರೆದು ಒಳಗೆ ಕೂರಿಸಿಕೊಂಡಿರುತ್ತಿದ್ದೆ. ಕೆಂಚುಕೂದಲಿನವನು ಮೊದಲು ಬಂದರೆ ಮನೆಗೆ ಕೇಡು ಅಂತ ಗೊತ್ತಿದ್ದೂ. ಗ್ರೆಗರ್ ಕಲ್ಲಿದ್ದಲನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದ.

ಮೂರು ವರ್ಷದ ಹಿಂದೆ, ಊರೂರು ಸುತ್ತಿ ಹಾಡುವಾಗ, ವ್ಯಾನಿನಲ್ಲೇ ಮಲಗಿದ್ದವನ ಹೃದಯ ನಿಂತುಹೋಯಿತು. ನಲವತ್ತು ವರ್ಷ ಸಾಯುವ ವಯಸ್ಸೇ? ನೀವು ದೂರವಾಗಿ ಎಷ್ಟೋ ವರ್ಷವಾಗಿದ್ದರೂ ನೀನು ಹ್ಯಾಲಿಫ್ಯಾಕ್ಸ್‌ನಿಂದ ಹಾರಿ ಬಂದೆ, ನನ್ನ ಜೊತೆ ಇದ್ದೆ. ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸುವ ಎಂಟು ಹಗ್ಗಗಳಲ್ಲಿ ತಲೆಯ ಕಡೆಯದು ಅತಿ ಹತ್ತಿರದ ಬಂಧುವಿಗೆ, ಅಂದರೆ ನನಗೆ. ಅಪ್ಪ ಇಲ್ಲ, ಅಮ್ಮ ಇಲ್ಲ, ಹೆಂಡತಿ ಮಕ್ಕಳಿಲ್ಲ. ರಕ್ತಸಂಬಂಧ ಅಂತ ಇದ್ದವಳು ನಾನೊಬ್ಬಳೇ. ಆ ಹಗ್ಗವನ್ನು ನಾನು ನಿನಗೆ ಕೊಟ್ಟೆ. ನೀನು ಹಿಡಿದೆ. ನಾನು ಗೋಡೆಯ ಹತ್ತಿರ ನಿಂತಿದ್ದೆ. ಗ್ಲಾಸ್ಗೋದ ಪತ್ರಿಕೆಯವನು, ಅಕ್ಕನಿಗೆ ದುಃಖ ತಡೆಯಲಾಗದೆ ದೂರ ನಿಂತರು ಅಂತ ಬರೆದ. ನಮ್ಮೂರಿನವರಿಗೆ ಗೊತ್ತಾಗದೇ ಇರುತ್ತದೆಯೇ? ಹಗ್ಗ ಹಿಡಿಯಲಿಲ್ಲ ಅಂದರೆ ನಮ್ಮಲ್ಲಿ ಅದರ ಅರ್ಥ ಒಂದೇ, ಸತ್ತವನನ್ನು ಕ್ಷಮಿಸಿಲ್ಲ ಅಂತ. ಕಟುಕರ ಅಂಗಡಿಯಲ್ಲಿ ಇವತ್ತಿಗೂ ಎರಡು ಮಾತಿನ ಮೇಲೆ ಮೂರನೆಯದು ನನ್ನೊಂದಿಗೆ ಆಡುವುದಿಲ್ಲ.

ಈಗ ಸಮಾರಂಭಕ್ಕೆ ಬರುತ್ತೇನೆ. ಬಂದರಿನ ಹಳೆಯ ಮಂಜುಗಡ್ಡೆ ಕೋಠಿಯನ್ನು ಸುಣ್ಣ ಬಳಿದು, ಒಳಗೆ ಡ್ರಮ್ಮು ಗಿಟಾರು ಇಟ್ಟು, ಮಕ್ಕಳು ಬಂದು ಸಂಗೀತ ಮಾಡಲಿ ಅಂತ ಅವನ ಹೆಸರಿಟ್ಟರು. ಹೊರಗೋಡೆಯ ಮೇಲೆ ಅವನ ಮುಖ ಬರೆಸಿದ್ದಾರೆ, ಮೂಗು ಸ್ವಲ್ಪ ಉದ್ದವಾಗಿದೆ. ಕೆಳಗೆ ದೊಡ್ಡ ಅಕ್ಷರದಲ್ಲಿ, ಮನಸ್ಸಿನಲ್ಲಿರುವುದನ್ನು ಯಾರಿಗಾದರೂ ಹೇಳಿ ಅಂತ ಬರೆದಿದೆ. ನಾನು ಅದನ್ನು ಓದಿ, ಹೇಳಿದ್ದೆನಲ್ಲ ಮಾರಾಯ ಅಂದುಕೊಂಡೆ. ಆಗಲೂ ನನ್ನ ಸಿಟ್ಟು ಅವನ ಮೇಲೆಯೇ.

ಶಾಲೆಯ ಮಕ್ಕಳು ಆ ಹಾಡು ಹಾಡಿದರು. ಪಲ್ಲವಿಗೆ ಇಡೀ ಊರು ಸೇರಿಕೊಂಡಿತು, ಮಿಸೆಸ್ ಸ್ಲೇಟರ್ ಕೂಡ ಕಣ್ಣೊರೆಸಿಕೊಂಡಳು. ಎಲ್ಲೋ ಮೂವತ್ತೈದು ವರ್ಷದ ಒಬ್ಬ ಹೆಂಗಸು ಇದ್ದಾಳೆ, ಅವಳೂ ಯಾವುದೋ ಸಭಾಂಗಣದಲ್ಲಿ ಇದನ್ನು ಹಾಡಿರಬಹುದು, ತನಗೇ ಹೇಳಿದ ಮಾತು ಅಂತ ಗೊತ್ತಿಲ್ಲದೆ. ಆ ಯೋಚನೆ ಬಂದಾಗ ನಾನು ಕುರ್ಚಿಯ ಅಂಚನ್ನು ಹಿಡಿದುಕೊಂಡೆ.

ಆಮೇಲೆ ನೀನು ಕಳಿಸಿದ್ದ ವಿಡಿಯೋ ಹಾಕಿದರು, ಪರದೆಯ ಮೇಲೆ ನೀನು ಬಂದೆ. ಬೂದು ಸ್ವೆಟರ್ ನಿನಗೆ ಒಪ್ಪುತ್ತದೆ. ಈ ಹಾಡು ಒಬ್ಬ ಧೈರ್ಯವಂತ ಹೆಂಗಸು ನಮಗೆ ಪ್ರೀತಿಯಿಂದ ಕೊಟ್ಟ ಉಡುಗೊರೆ ಅಂತ ಹೇಳಿ ನೀನು ಕಣ್ಣೊರೆಸಿಕೊಂಡೆ. ಅವನ ಕಳ್ಳತನಕ್ಕೆ ಹೀಗೊಂದು ಮುಸುಕು ಹಾಕಿ ನನ್ನನ್ನು ಕಾಪಾಡುತ್ತಿದ್ದಾಳೆ ಪಾಪ, ಅಂದುಕೊಂಡೆ ನಾನು.

ಊಟಕ್ಕೆ ಹೊಗೆಮೀನಿನ ಸಾರು, ಬೆಣ್ಣೆ ರೊಟ್ಟಿ. ತಟ್ಟೆ ಹಿಡಿದುಕೊಂಡು ಎಕ್ಕಿ ಬಂದು ನನ್ನ ಪಕ್ಕ ಕೂತ. ಗ್ರೆಗರ್ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುತ್ತಿದ್ದ ಎಕ್ಕಿ, ಈಗ ಎಲ್ಗಿನ್‌ನಲ್ಲಿ ಶಾಲೆಯ ಬಸ್ಸು ಓಡಿಸುತ್ತಾನೆ, ತಲೆಯಲ್ಲಿ ಒಂದು ಕೂದಲಿಲ್ಲ. ಸ್ವಲ್ಪ ಹೊತ್ತು ಸಾರು ಕದಡಿ, ಆ ಹಾಡು ಕೊಟ್ಟಿದ್ದಕ್ಕೆ ನಿನಗೆ ನಾವ್ಯಾರೂ ಒಂದು ಕೃತಜ್ಞತೆಯನ್ನೂ ಹೇಳಲಿಲ್ಲ ಅಂದ. ನಾನು ಎಲ್ಲಿ ಕೊಟ್ಟೆ ಅಂತ ಕೇಳಿದೆ. ಅವನು ನಾನು ಸಂಕೋಚಪಡುತ್ತಿದ್ದೇನೆ ಅಂದುಕೊಂಡ. ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ:

"ಗೊತ್ತು ಬಿಡು, ಅದನ್ನ ನಿನ್ನೆದುರಿಗೆ ಎತ್ತಬಾರ್ದು ಅಂತ ನೀನೇ ಹೇಳಿದ್ಯಂತೆ. ಆದ್ರೂ ಅವನೂ ಹೋದ, ಇನ್ನು ನಾನು ಹೇಳ್ದಿದ್ರೆ ಯಾರು ಹೇಳ್ತಾರೆ? ಶೋನಾ ನಿನ್ನ ವಿಷ್ಯ ಹೇಳ್ದಾಗ ಗ್ರೆಗರ್ ಅಡುಗೆಮನೆ ನೆಲದ ಮೇಲೆ ಕೂತು ಅತ್ತುಬಿಟ್ಟ. ಹಾಡು ಬರ್ದ, ಬರ್ದಾದ್ಮೇಲೆ ಹಾಡಲ್ಲ ಅಂತ ಹಟ. ಅಕ್ಕನ್ನ ಕೇಳ್ದೆ ಬಾಯೇ ತೆಗೆಯಲ್ಲ ಅಂದ. ಬಸ್ಸು ಹಿಡಿಯಕ್ಕೆ ಕೋಟು ಕೂಡ ಹಾಕ್ಕೊಂಡಿದ್ದ. ಶೋನಾನೇ ತಡೆದ್ಲು, ಹೆಂಗಸ್ರ ವಿಷ್ಯ, ನೀನು ಕೇಳಿದ್ರೆ ಅವಳು ಕುಗ್ಗಿಹೋಗ್ತಾಳೆ, ನಾನ್ ಹೋಗ್ ಕೇಳ್ತೀನಿ ಅಂತ. ಹೋಗಿ ಬಂದು, ಐನಾ ಸಂತೋಷವಾಗಿ ಒಪ್ಪಿದ್ಲು, ಆದ್ರೆ ಯಾವತ್ತೂ ಅದ್ರ ಬಗ್ಗೆ ತನ್ ಹತ್ರ ಮಾತಾಡ್ಬಾರ್ದಂತೆ ಅಂದ್ಲು. ಗ್ರೆಗರ್ ಕುಣಿದಾಡಿಬಿಟ್ಟ."

ಯಾಕೆ ಹಾಗೆ ನೋಡುತ್ತೀಯ, ನಾನೇನಾದರೂ ತಪ್ಪು ಮಾತಾಡಿದೆನಾ ಅಂತ ಎಕ್ಕಿ ಕೇಳಿದ. ಸಾರು ಬಿಸಿಯಿದೆ ಅಂದೆ. ಎದ್ದು ಹೊರಗೆ ಬಂದು ಬಂದರಿನ ಗೋಡೆಯ ಮೇಲೆ ಕೂತೆ. ಒಳಗೆ ಮಕ್ಕಳು ಇನ್ನೊಮ್ಮೆ ಹಾಡಲು ಶುರುಮಾಡಿದ್ದರು.

ನೀನು ಬಂದಿದ್ದೆ ಶೋನಾ. ಆ ಭೇಟಿ ನನಗೆ ಚೆನ್ನಾಗಿ ನೆನಪಿದೆ. ಇದ್ದಕ್ಕಿದ್ದ ಹಾಗೆ ಗ್ಲಾಸ್ಗೋದಿಂದ ಬಂದು ಎರಡು ದಿನ ನನ್ನ ಮನೆಯಲ್ಲಿದ್ದೆ. ಮುಂದಿನ ಕೋಣೆಯ ಪರದೆಗೆ ಇಬ್ಬರೂ ಸೇರಿ ಅಂಚು ಹೊಲಿದೆವು, ನೀನು ತಿಂದು ಮುಗಿಸಿದ ಕೇಕಿಗೆ ಲೆಕ್ಕವಿಲ್ಲ, ಇಬ್ಬರೂ ನಕ್ಕು ನಕ್ಕು ಸಾಕಾದೆವು. ಯಾವ ಮಾತಿಗೆ ಬಂದಿದ್ದೆಯೋ ಆ ಮಾತನ್ನು ಮಾತ್ರ ಎತ್ತಲಿಲ್ಲ. ಕೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆ. ಅದು ನಿನಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಅವನ ಆಲ್ಬಂಗೆ ಒಂದು ಹಾಡು ಬೇಕಾಗಿತ್ತು ಅನ್ನುತ್ತೀಯೋ, ಅವನ ಮೇಲಿನ ಪ್ರೀತಿಗೆ ಅನ್ನುತ್ತೀಯೋ, ನನಗೆ ಗೊತ್ತಿಲ್ಲ. ಏನು ಅಂದರೂ ನಾನು ಈಗ ಓದುವ ಸ್ಥಿತಿಯಲ್ಲಿಲ್ಲ.

ನೀನು ಗುಟ್ಟು ಬಿಟ್ಟುಕೊಟ್ಟದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಗಂಡಸನ್ನು ಪ್ರೀತಿಸುವಾಗ ಬಾಯಿ ಸಡಿಲವಾಗುತ್ತದೆ, ನಾವೂ ಕಂಡಿದ್ದೇವೆ. ಆದರೆ ಆ ಹುಡುಗನ ಬಾಯಿಗೆ ಬೀಗ ಹಾಕಿ ನನ್ನ ಮುಂದೆ ಕಳಿಸಿದೆಯಲ್ಲ, ಅದನ್ನು ಹೇಗೆ ನುಂಗಲಿ? ಹೇಗಿತ್ತು ಅಂತ ಮಾತ್ರ ಕೇಳಿದ. ಅಷ್ಟೇ ಕೇಳಲು ಅವನಿಗೆ ಅನುಮತಿಯಿತ್ತು. ನಾನು ಸಂತೋಷವಾಗಿ ಕೊಟ್ಟ ಹಾಡನ್ನು ಅವನು ಕೆಟ್ಟದಾಗಿ ಹಾಡಿದ ಅಂತ ನಾನು ಹೊಡೆದೆ, ಬಾಗಿಲು ಹಾಕಿದೆ ಅಂತಲೇ ತಿಳಿದುಕೊಂಡು ಹೋದ. ಅಷ್ಟು ವರ್ಷ ಕಲ್ಲಿದ್ದಲು ಹಿಡಿದು ನಿಂತಿದ್ದು ಅದಕ್ಕೆ. ಅಮ್ಮ ನಿಜ ಹೇಳಿ ಹೇಳಿ ಸತ್ತಳು. ನೀನು ಪ್ರತಿ ತಿಂಗಳೂ ನನಗೆ ಪತ್ರ ಬರೆಯುತ್ತಿದ್ದೆ, ನಾನು ಪ್ರತಿ ಪತ್ರದಲ್ಲೂ ಅವನನ್ನು ಬೈದು ಬರೆಯುತ್ತಿದ್ದೆ, ನೀನು ಓದುತ್ತಿದ್ದೆ.

ಇಷ್ಟು ಸಾಕು. ಹೆಚ್ಚು ಬರೆದರೆ ಬಾಯಿಗೆ ಬರಬಾರದ ಮಾತು ಬರುತ್ತದೆ, ನಾಳೆ ಬೆಳಿಗ್ಗೆ ಬೇಗ ಕೆಲಸವಿದೆ. ನಿನ್ನ ಮಗನಿಗೆ, ಸೊಸೆಗೆ, ಆ ಪುಟ್ಟ ಮೊಮ್ಮಗಳಿಗೆ ದೇವರು ಒಳ್ಳೆಯದು ಮಾಡಲಿ, ಅವರ ಮೇಲೆ ನನಗೆ ಯಾವ ಕೋಪವೂ ಇಲ್ಲ. ಮಗುವಿಗೆ ಒಳ್ಳೆಯ ನಿದ್ದೆ ಬರಲಿ. ನಿನ್ನ ಮೊಣಕಾಲೂ ವಾಸಿಯಾಗಲಿ. ಹಿಮದಲ್ಲಿ ಜಾರಬೇಡ.

ಪ್ರತಿ ಸಲ ಇಲ್ಲಿ ಬರೆಯುತ್ತಿದ್ದ ಮಾತನ್ನು ಈ ಸಲ ಬರೆಯಲಾರೆ.

ಐನಾ ಫ್ಲೆಟ್

ಮತ್ತೆ: ಲಕೋಟೆ ಅಂಟಿಸುವ ಮೊದಲು ಇದೊಂದನ್ನು ಬರೆಯಲೇಬೇಕು. ಮಣ್ಣು ಮಾಡುವ ದಿನ ಬೆಳಿಗ್ಗೆ, ಯಾರು ಯಾವ ಹಗ್ಗ ಹಿಡಿಯಬೇಕು ಅಂತ ಬರೆದು ಶವಸಂಸ್ಕಾರದವರು ಕೊಟ್ಟ ಚೀಟಿಯನ್ನು ನನ್ನ ಅಡುಗೆಮನೆಯಲ್ಲಿ ನಿನ್ನ ಕೈಗೆ ಕೊಟ್ಟೆನಲ್ಲ, ಆಗ ಯಾಕೆ ಕೊಡುತ್ತಿದ್ದೇನೆ ಅಂತಲೂ ಹೇಳಿದೆ. ನನ್ನನ್ನು ಲೋಕಕ್ಕೆ ಮಾರಿದವನನ್ನು ನಾನು ಕೈಯಾರೆ ಇಳಿಸಲಾರೆ ಅಂದೆ. ಪೆಟ್ಟಿಗೆ ಇನ್ನೂ ಪಕ್ಕದ ಕೋಣೆಯಲ್ಲಿತ್ತು, ಮುಚ್ಚಳ ಹಾಕಿರಲಿಲ್ಲ. ಒಂದು ಮಾತು ಆಡಿದ್ದರೆ ಸಾಕಿತ್ತು, ನಾನು ಹೋಗಿ ಅವನ ಮುಖ ಮುಟ್ಟುತ್ತಿದ್ದೆ. ನೀನು ನನ್ನ ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿದೆ. "ಸರಿಯಾಗೇ ಮಾಡ್ತಿದ್ದೀಯ ಐನಾ, ನಿನ್ನ ಜಾಗದಲ್ಲಿ ನಾನಿದ್ರೂ ಅವನನ್ನ ಕ್ಷಮಿಸ್ತಿರ್ಲಿಲ್ಲ" ಅಂದೆ. ಚೀಟಿಯನ್ನು ನಿನ್ನ ಕೈಚೀಲದೊಳಗೆ ಹಾಕಿಕೊಂಡೆ.